ಅಂಗಳದಲ್ಲಿ ಆಯಿಲ್ ಬದಲಿಸಿದ ದಿನ

ಬೈಲಹೊಂಗಲ
9 ನವೆಂಬರ್ 2024

ಪ್ರೀತಿಯ ಸುಚೇತಾ,

ನೀನು, ಅಭಿಜಿತ, ಮಗಳು ಎಲ್ಲರೂ ಸಾಂಗ್ಲಿಯಲ್ಲಿ ನೆಮ್ಮದಿಯಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಸಿಟ್ಟಾಗಬೇಡ. ಈ ಅಕ್ಷರ ನೋಡಿ ಯಾವುದೋ ಮಗುವಿನ ಕೈಯಲ್ಲಿ ಬರೆಸಿದ್ದೇನೆ ಅನ್ನಿಸಬಹುದು. ನಾನೇ ಬರೆಯುತ್ತಿದ್ದೇನೆ, ಎಡಗೈಯಿಂದ. ಕಿತ್ತೂರಿನ ಶಾಲೆಯಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಾಗ ಎರಡು ದಿನ ಮಾತು ಬಿಟ್ಟಿದ್ದೆಯಲ್ಲ, ಈಗ ಸಮಾಧಾನ ಮಾಡಿಕೋ. ನನ್ನ ಫೋನು ಪೊಲೀಸರ ಹತ್ತಿರ ಇದೆ. ಗ್ಯಾರೇಜಿನವನ ಜೊತೆ ನಾನು ಎಷ್ಟು ಸಲ ಮಾತಾಡಿದ್ದೇನೆ ಎಂದು ಅದರಲ್ಲಿ ನೋಡುತ್ತಾರಂತೆ.

‘ಮೈದುನನ ಕಣ್ಣಿಗೆ ಕಾದ ಎಣ್ಣೆ ಎರಚಿದ ಅತ್ತಿಗೆ’ ಎಂಬ ಸುದ್ದಿ ಓದಿ, ‘ಇದು ನೀನಲ್ಲ ಎಂದು ಒಂದೇ ಸಾಲು ಬರೆ’ ಎಂದು ಕೇಳಿದ್ದೀಯ. ಆ ಸಾಲು ಬರೆಯಲಾರೆ ಸುಚೇತಾ. ಅದು ನಾನೇ. ಆದರೆ ಅದು ಅಡುಗೆಯ ಎಣ್ಣೆಯಲ್ಲ, ಕಾರಿನ ಇಂಜಿನ್ ಆಯಿಲ್. ಅದಕ್ಕಿಂತ ಮುಂಚೆ ಏನು ನಡೆಯಿತು ಎನ್ನುವುದನ್ನು ಆ ಸುದ್ದಿಯವರು ಬರೆದಿಲ್ಲ. ನಿನಗೆ ಬರೆಯುತ್ತೇನೆ.

ನಮ್ಮ ಮನೆಯವರು ಮಧು ತೀರಿಹೋದ ಮೇಲೆ ಅವರ ಕಾರನ್ನು ನಾನೇ ಓಡಿಸಲು ಶುರು ಮಾಡಿದ್ದು ನಿನಗೆ ಗೊತ್ತು. ಇಲ್ಲಿ ಅದಕ್ಕೆ ‘ಹೆಂಗಸರ ಗಾಡಿ’ ಎಂದೇ ಹೆಸರು. ಹೆರಿಗೆ ನೋವು ಬಂದವರು, ಸವದತ್ತಿ ಗುಡ್ಡಕ್ಕೋ ಸಿರಸಂಗಿಗೋ ಹರಕೆ ಹೊತ್ತವರು, ತವರಿಗೆ ಹೋಗುವವರು, ಎಲ್ಲರೂ ನನ್ನನ್ನೇ ಕರೆಯುತ್ತಾರೆ. ಬಹಳ ಜನಕ್ಕೆ ಅದು ಮೆಚ್ಚುಗೆ. ನನ್ನ ಮೈದುನ ಸಿದ್ಧಾರೂಢನಿಗೆ ಮಾತ್ರ ಅಲ್ಲ. ‘ಗಾಡಿ ನಾ ಹೊಡೀತೇನಿ, ನೀವು ಮನ್ಯಾಗ ಕುಂದರ್ರಿ ವೈನಿ’ ಎಂದ. ನಾನು ಕೀಲಿ ಕೊಡಲಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಕಾಲೇಜಿಗೆ ಹೋಗುತ್ತಿದ್ದ. ರೊಟ್ಟಿಯ ಅಂಚು ಸುಟ್ಟಿದ್ದರೆ ತಿನ್ನುತ್ತಿರಲಿಲ್ಲ, ಅಂಚು ಮುರಿದು ಕಟ್ಟಿಕೊಡುತ್ತಿದ್ದೆ. ಈಗ ಮೂವತ್ತು ದಾಟಿದೆ. ಹೊಲ ಇದೆ, ಮನೆ ಇದೆ, ಕನ್ಯೆ ಕೊಡುವವರಿಲ್ಲ. ‘ಒಕ್ಕಲುತನದವನಿಗೆ ಬ್ಯಾಡ’ ಎಂದು ರಾಮದುರ್ಗದ ಕಡೆಯ ಒಂದು ಹುಡುಗಿ ಎದುರಿಗೇ ಹೇಳಿ ಎದ್ದುಹೋದಳು. ಅವತ್ತಿನಿಂದ ಅವನ ಮಾತೇ ಬೇರೆಯಾಯಿತು. ಹೋದ ವರ್ಷ ಅತ್ತೆ ಕೆಂಚವ್ವ ಎಲೆಗೆ ಸುಣ್ಣ ಹಚ್ಚುತ್ತ ಮೆಲ್ಲಗೆ ಕೇಳಿದರು, ‘ಶೀತಲಾ, ಸಿದ್ಧ್ಯಾನ ಕೂಡ ಉಡಿಕಿ ಲಗ್ನ ಆದ್ರ ಮನಿ ಒಂದ ಉಳೀತೈತಿ. ಏನಂತಿ?’ ‘ಅವ ನನಗ ತಮ್ಮ ಇದ್ದಂಗ ಅತ್ತಿ, ಇನ್ನೊಮ್ಮೆ ಈ ಮಾತು ಎತ್ತಬ್ಯಾಡ್ರಿ’ ಅಂದೆ. ಅವರು ಎತ್ತಲಿಲ್ಲ. ಆದರೆ ನಾನು ಬೇಡ ಅಂದಿದ್ದು ಸಿದ್ಧಾರೂಢನಿಗೆ ತಿಳಿಯಿತು.

ಗಾಡಿಯ ಕೆಲಸವೆಲ್ಲ ಮಾಡುತ್ತಿದ್ದವನು ಸವದತ್ತಿ ರಸ್ತೆಯ ಗ್ಯಾರೇಜಿನ ಉಳವಪ್ಪ. ಮಧುವಿನ ಗೆಳೆಯ. ಆಯಿಲ್ ಬದಲಿಸುವಾಗ ಅರ್ಧ ತಾಸು ಅಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದೆ, ಅವನ ಹೆಂಡತಿ ಚಹಾ ಕಳಿಸುತ್ತಿದ್ದಳು. ಇದನ್ನು ಮೈದುನ ಊರಲ್ಲಿ ಬೇರೆ ಥರ ಹೇಳಿದ. ಆಮೇಲೆ ಒಂದು ಸಂತೆಯ ದಿನ ಅಲ್ಲಿಗೇ ಹೋಗಿ, ಉಳವಪ್ಪನ ಕೈಯಲ್ಲಿದ್ದ ಬೋಲ್ಟ್ ಬಿಚ್ಚುವ ಪಾನಾ ಕಸಿದುಕೊಂಡು ಅವನ ಬಾಯಿಗೇ ಹೊಡೆದ. ಮುಂದಿನ ಹಲ್ಲು ಮುರಿದವು. ನಾನು ನೋಡಲು ಹೋದಾಗ ಆ ಮನುಷ್ಯ ಬಾಯಿಗೆ ಟಾವೆಲ್ ಒತ್ತಿಕೊಂಡು, ರಕ್ತ ನುಂಗುತ್ತ, ಕೈ ಮುಗಿದ. ‘ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇನ್ನ ಮ್ಯಾಲೆ ಗಾಡಿ ಇಲ್ಲಿ ತರಬ್ಯಾಡ್ರಿ’ ಎಂದ.

ಊರಿನ ಉಳಿದ ಗ್ಯಾರೇಜಿನವರಿಗೂ ಆ ಹಲ್ಲಿನ ಸುದ್ದಿ ಮುಟ್ಟಿತ್ತು. ಒಬ್ಬನೂ ಗಾಡಿ ಮುಟ್ಟಲಿಲ್ಲ. ಆಗ ನಾನೇ ಕಲಿತೆ. ಮುನವಳ್ಳಿಗೆ ಹೋಗಿ ಆಯಿಲ್, ಫಿಲ್ಟರ್, ಪಾನಾ ತಂದೆ. ಜಾಕ್ ಹಚ್ಚಿ ಮುಂದಿನ ಗಾಲಿ ಎತ್ತುವುದು, ಭರವಸೆಗೆ ಬಾಡಿಯ ಅಂಚಿನ ಕೆಳಗೆ ಸ್ಟೆಪ್ನಿ ಗಾಲಿ ಅಡ್ಡ ಮಲಗಿಸಿಡುವುದು, ಕೆಳಗೆ ಸರಿದು ಆಯಿಲ್ ಚೇಂಬರಿನ ಬೋಲ್ಟ್ ಬಿಚ್ಚುವುದು. ಮೊದಲ ಸಲ ಬೋಲ್ಟ್ ಕೈ ಜಾರಿ ಕೆಳಗಿಟ್ಟಿದ್ದ ಆಯಿಲಿನ ಕ್ಯಾನಿನೊಳಗೇ ಬಿತ್ತು, ಮೊಳಕೈವರೆಗೂ ಕಪ್ಪಾದೆ. ಎರಡನೆಯ ಸಲ ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಸುಚೇತಾ, ಹಳೆಯ ಆಯಿಲ್ ಕರ್ರಗೆ ಇಳಿದುಹೋಗಿ, ಹೊಸದು ಜೇನಿನಂತೆ ತುಂಬಿ, ಗಾಡಿ ಚಾಲೂ ಮಾಡಿದಾಗ ಆ ಇಂಜಿನ್ನಿನ ಸದ್ದು ಮೆತ್ತಗಾಗುತ್ತದಲ್ಲ, ಆವತ್ತು ಒಬ್ಬಳೇ ಸೀಟಿನಲ್ಲಿ ಕೂತು ನಕ್ಕೆ. ಮಧು ಹೋದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ಮೈದುನನಿಗೆ ಅದೂ ಆಗಲಿಲ್ಲ. ‘ಹೆಣ್ಣಮಗಳು ಪ್ಯಾಂಟ್ ಹಾಕ್ಕೊಂಡು ಅಂಗಳದಾಗ ಅಂಗಾತ ಮಲಗತಾಳ, ಹಾದಿ ಮ್ಯಾಲಿನ ಮಂದಿ ನಿಂತು ನೋಡತಾರ. ಈ ಮನ್ಯಾಗ ಗಂಡಸರು ಸತ್ತಾರೇನು?’ ಎಂದು ಕೂಗಾಡಿದ. ಗ್ಯಾರೇಜಿಗೆ ಹೋದರೂ ತಪ್ಪು, ಹೋಗದಿದ್ದರೂ ತಪ್ಪು.

ದಸರೆ ಮುಗಿದ ಮೇಲಿನ ಸೋಮವಾರ. ಸವದತ್ತಿಗೆ ಹೋದವರನ್ನು ಇಳಿಸಿ ಮಧ್ಯಾಹ್ನ ಬಂದೆ. ಸಂಜೆಗೆ ದೇಗಾಂವದಿಂದ ಒಬ್ಬ ಬಸುರಿಯನ್ನು ಕರೆತರುವುದಿತ್ತು, ಅದಕ್ಕೆ ಇಂಜಿನ್ ಆರುವುದನ್ನು ಕಾಯದೆ ಕೆಳಗೆ ಸರಿದೆ. ಬೋಲ್ಟ್ ಬಿಚ್ಚಿದೆ. ಉದ್ದಕ್ಕೆ ಸೀಳಿದ ಕ್ಯಾನಿನೊಳಗೆ ಆಯಿಲ್ ಹೊಗೆಯಾಡುತ್ತ ಇಳಿಯಿತು. ಬೈಕ್ ಬಂದು ನಿಂತ ಸದ್ದಾಯಿತು. ಸಿದ್ಧಾರೂಢ ಕುಡಿದಿರಲಿಲ್ಲ. ಅದನ್ನು ಎಲ್ಲರೂ ಕೇಳುತ್ತಾರೆ, ಅದಕ್ಕೆ ಬರೆದೆ. ಧ್ವನಿ ಏರಿಸಲೂ ಇಲ್ಲ.

‘ಹೊರಗ ಬರ್ರಿ ವೈನಿ.’

‘ಇಷ್ಟ ಮುಗಿಸಿ ಬರತೇನಿ.’

‘ಬರ್ರಿ ಅಂದ್ರ ಬರ್ರಿ. ಕೀಲಿ ಕೊಡ್ರಿ.’

‘ಕೊಡೂದಿಲ್ಲ ಸಿದ್ಧು.’

ಅವನು ಜಾಕ್‌ಗೆ ಒದ್ದ. ಮೊದಲನೆಯ ಒದೆತಕ್ಕೆ ಗಾಡಿ ಅಲುಗಾಡಿತು ಅಷ್ಟೆ. ನಾನು ಬಲಗೈಯಿಂದ ಸ್ಟೆಪ್ನಿಯ ಅಂಚು ಹಿಡಿದು ಹೊರಗೆ ಜರುಗಲು ನೋಡಿದೆ. ಎರಡನೆಯದಕ್ಕೆ ಜಾಕ್ ಹಾರಿತು. ಗಾಡಿ ಪೂರ್ತಿ ಕೂರದಂತೆ ಸ್ಟೆಪ್ನಿ ತಡೆಯಿತು, ಅದಕ್ಕೇ ನಾನು ಇದ್ದೇನೆ. ಆದರೆ ನನ್ನ ಕೈ ಅದರ ಮೇಲಿತ್ತು. ಒಣ ತೊಗರಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಎದೆಯ ಮೇಲೆ ಕಬ್ಬಿಣ ಕೂತಿತು. ಒಂದು ಸಲ ಚೀರಿದೆ, ಎರಡನೆಯ ಸಲಕ್ಕೆ ಉಸಿರಿರಲಿಲ್ಲ.

ಅಷ್ಟಕ್ಕೆ ನಿಲ್ಲಿಸಿದ್ದರೆ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟ ಅನ್ನುತ್ತಿದ್ದೆ. ಅವನು ಎರಡೂ ಕೈ ಬಾನೆಟ್ಟಿನ ಮೇಲಿಟ್ಟು, ಮೈಭಾರ ಹಾಕಿ ಒತ್ತಿದ. ಬಿಟ್ಟ. ಮತ್ತೆ ಒತ್ತಿದ. ಪ್ರತಿ ಸಲ ಎದೆಯ ಎಲುಬು ಒಳಗೆ ಹೋಗಿ ಬರುತ್ತಿತ್ತು. ಆಮೇಲೆ ಜಾಕಿನ ರಾಡು ಕೈಯಲ್ಲಿ ಹಿಡಿದು ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಂತೆ ಬಗ್ಗಿ ನನ್ನನ್ನು ನೋಡಿದ.

‘ಇನ್ನೂ ಐತೇನ ಜೀವ?’

ಆಯಿಲಿನ ಕ್ಯಾನು ನನ್ನ ಎಡಗೈಯ ಹತ್ತಿರ ಇತ್ತು. ಎಸೆದೆ. ಸುಚೇತಾ, ನನಗೆ ಎಚ್ಚರ ಇರಲಿಲ್ಲ, ಏನು ಮಾಡಿದೆ ಗೊತ್ತಾಗಲಿಲ್ಲ ಎಂದು ಹೇಳಿರಿ ಎಂದು ವಕೀಲರು ಹೇಳಿಕೊಡುತ್ತಾರೆ. ಎಚ್ಚರ ಇತ್ತು. ಅವನ ಕಣ್ಣು ನೋಡಿಯೇ ಎಸೆದೆ. ಅವನು ಹಂದಿ ಕೊಯ್ದಂತೆ ಒದರಿದ, ಮುಖ ಉಜ್ಜಿಕೊಂಡಷ್ಟೂ ಆಯಿಲ್ ಒಳಗೆ ಇಳಿಯಿತು, ಅಂಗಳದ ತುಂಬ ಉರುಳಾಡಿದ. ನನ್ನ ಕುತ್ತಿಗೆ, ಎಡಗೈ ಕೂಡ ಸುಟ್ಟವು. ಅದು ಆಮೇಲೆ ತಿಳಿಯಿತು.

ಆಗ ಹಾರೆ ಹಿಡಿದು ಓಡಿಬಂದವರು ಅತ್ತೆ. ಅರವತ್ತೆಂಟರ ಮುದುಕಿ ಗಾಡಿಯ ಕೆಳಗೆ ಹಾರೆ ಹಾಕಿ ಮೀಟುತ್ತ, ‘ಸಾವಂತ್ರೆವ್ವಾ, ಓಡಿ ಬಾರ, ನನ್ನ ಸೊಸಿ ಸಾಯಾಕತ್ತಾಳ’ ಎಂದು ಕೂಗಿದರು. ನೆರೆಮನೆಯ ಸಾವಂತ್ರೆವ್ವ ಬಂದಳು, ಹಾದಿಯ ಮೇಲಿನವರು ಬಂದರು. ಗಾಡಿ ಎತ್ತಿ ನನ್ನನ್ನು ಎಳೆದರು. ಅತ್ತೆ ತಮ್ಮ ಸೆರಗು ಹರಿದು ನನ್ನ ಕೈಗೆ ಸುತ್ತಿದರು. ಮಗ ಪಕ್ಕದಲ್ಲೇ ‘ಅವ್ವಾ, ಅವ್ವಾ’ ಎಂದು ಒದರುತ್ತಿದ್ದ. ಆದರೂ ಅತ್ತೆ ಮೊದಲು ನನ್ನ ಹತ್ತಿರ ಬಂದರು.

ನನ್ನ ಬಲಗೈಯ ಎರಡು ಬೆರಳು ತೆಗೆದಿದ್ದಾರೆ, ಮುಂಗೈಯೊಳಗೆ ಸರಳು ಹಾಕಿದ್ದಾರೆ. ಎದೆಯ ಎಲುಬು ಕೂಡುತ್ತಿವೆ. ಅವನ ಎಡಗಣ್ಣು ಪೂರ್ತಿ ಹೋಯಿತು. ಅವನನ್ನು ಆಸ್ಪತ್ರೆಯಿಂದ ನೇರ ಜೈಲಿಗೆ ಒಯ್ದರು. ನನ್ನ ಮೇಲೂ ಕೇಸು ಇದೆ, ಆದರೆ ನಿಲ್ಲುವುದಿಲ್ಲ ಎನ್ನುತ್ತಾರೆ ವಕೀಲರು, ಯಾಕೆಂದರೆ ಅತ್ತೆಯ ಸಾಕ್ಷಿ ಇದೆ. ನಮ್ಮ ಮನೆತನದ ಭಾವಕಿಯವರು ನಾಲ್ಕು ಜನ ಕೂಡಿ ಬಂದು ‘ಜಾಕ್ ತಾನ ಜಾರಿತು ಅನ್ನು, ಮಗನ್ನ ಉಳಿಸ್ಕೊ’ ಎಂದು ಅವರ ಕಾಲು ಹಿಡಿದರು. ಅತ್ತೆ ಪೊಲೀಸರ ಮುಂದೆ ಹೇಳಿದ್ದು ಒಂದೇ ಮಾತು. ‘ನನ್ನ ಮಗಾನ ಜಾಕಿಗೆ ಒದ್ದಾನ. ನಾ ಕಣ್ಣಾರೆ ಕಂಡೇನಿ.’ ಊರಲ್ಲಿ ಈಗ ಅವರ ಮಾತೇ ಮಾತು. ಹೆತ್ತ ಮಗನ ವಿರುದ್ಧ ನ್ಯಾಯ ನುಡಿದ ತಾಯಿ ಎಂದು ಜನ ಬಂದು ನಮಸ್ಕಾರ ಮಾಡಿ ಹೋಗುತ್ತಾರೆ.

ಅಣ್ಣ ಕಿತ್ತೂರಿನಿಂದ ಬಂದು ಕರೆದ. ಹೋಗಲಿಲ್ಲ. ನಾನು ಹೋದರೆ ಅವನು ಒದ್ದದ್ದು ಸಾರ್ಥಕವಾಗುತ್ತದೆ.

ಇನ್ನೊಂದು ಸುದ್ದಿ. ಗಾಡಿ ಅಷ್ಟು ದಿನ ಆಯಿಲ್ ಇಲ್ಲದೆ ಅಂಗಳದಲ್ಲೇ ನಿಂತಿತ್ತು. ಮೊನ್ನೆ ವೆಲ್ಡಿಂಗ್ ಅಂಗಡಿಯಿಂದ ಗಾಡಿಯ ಭಾರ ಹೊರುವಂಥ ಕಬ್ಬಿಣದ ಎರಡು ಕುದುರೆ ಮಾಡಿಸಿ ತಂದೆ. ಗಾಡಿ ಎತ್ತಿ ಅವುಗಳ ಮೇಲೆ ಕೂರಿಸಿದೆ, ನಾಲ್ಕೂ ಕಡೆ ಅಲುಗಾಡಿಸಿ ನೋಡಿದೆ. ಆದರೂ ಕೆಳಗೆ ತಲೆ ಹಾಕಿದ್ದೇ ಕಣ್ಣು ಜಾಕಿನ ಕಡೆ ಹೋಯಿತು. ಹೊರಗೆ ಬಂದೆ. ಮತ್ತೆ ಹೋದೆ. ಎಡಗೈಯಲ್ಲೇ ಬೋಲ್ಟ್ ಬಿಗಿದೆ. ಹೊಸ ಆಯಿಲ್ ಹಾಕಲು ಬಲಗೈ ಕ್ಯಾನು ಹಿಡಿಯಲಿಲ್ಲ. ಅತ್ತೆ ಬಂದು ಕ್ಯಾನು ಎತ್ತಿ ಸುರಿದರು. ಗಾಡಿ ಚಾಲೂ ಆಯಿತು. ಸಾವಂತ್ರೆವ್ವ ಕಂಪೌಂಡಿನ ಮೇಲಿಂದ ‘ನಮ್ಮ ಗಾಡಿ ಎದ್ದಿತು’ ಎಂದು ಚಪ್ಪಾಳೆ ಹೊಡೆದಳು. ಸ್ಟೇರಿಂಗ್ ಹಿಡಿಯಲು ಮೂರು ಬೆರಳು ಸಾಕೋ ಏನೋ, ನೋಡಬೇಕು.

ಬರವಣಿಗೆ ಸಾಕು, ಕೈ ಸೋತಿತು. ನಿನ್ನ ಮಗಳು ಗಟ್ಟಿಮುಟ್ಟಾಗಿ ಬೆಳೆಯಲಿ, ಯಾರಿಗೂ ಅಂಜದವಳಾಗಲಿ. ಅಭಿಜಿತನಿಗೆ ನನ್ನ ನಮಸ್ಕಾರ. ನಿಮ್ಮ ಮನೆಯ ಬಾಗಿಲು ಸದಾ ನಗುತ್ತಿರಲಿ.

ನಿನ್ನ,
ಶೀತಲ

ತಾ.ಕ.: ಹರಿದು ಎಸೆದುಬಿಡಬೇಕು ಎಂದುಕೊಂಡು ಮತ್ತೆ ಈ ಹಾಳೆ ಸೇರಿಸುತ್ತಿದ್ದೇನೆ. ಇದನ್ನು ವಕೀಲರಿಗೂ ಹೇಳಿಲ್ಲ.

ಗಾಡಿಯ ಕೆಳಗೆ ಮಲಗಿದರೆ ಜನರ ಪಾದ ಕಾಣುತ್ತವೆ. ಅವತ್ತು ಎರಡು ಜೊತೆ ಪಾದ ಇದ್ದವು. ಅವನ ಬೂಟು, ಅದರ ಹಿಂದೆ ಮೆಟ್ಟಿಲ ಮೇಲೆ ಅತ್ತೆಯ ಬರಿಗಾಲು. ಅವನು ಬರುವುದಕ್ಕಿಂತ ಮುಂಚಿನಿಂದಲೂ ಅವರು ಅಲ್ಲಿದ್ದರು. ನಾನು ಕೀಲಿ ಕೊಡುವುದಿಲ್ಲ ಅಂದಾಗ ಅವನು ಹಿಂದೆ ತಿರುಗಿ, ‘ಅವ್ವಾ, ನೀ ಒಳಗ ನಡಿ’ ಎಂದ. ಆ ಪಾದಗಳು ಒಳಗೆ ಹೋಗಲಿಲ್ಲ. ಮುಂದೆಯೂ ಬರಲಿಲ್ಲ. ಹಾಲು ಉಕ್ಕುವುದನ್ನು ಕಾಯುವಾಗ ಅವರು ಮಾಡುತ್ತಾರೆ ನೋಡು, ಒಂದು ಪಾದದಿಂದ ಇನ್ನೊಂದನ್ನು ಮೆಲ್ಲಗೆ ತಿಕ್ಕುತ್ತ ನಿಂತಿದ್ದರು. ಮೊದಲನೆಯ ಒದೆತಕ್ಕೂ ಹಾಗೇ ಇದ್ದರು. ಎರಡನೆಯದಕ್ಕೂ. ಅವನು ಬಾನೆಟ್ ಒತ್ತುವಾಗಲೂ. ಅವರು ಓಡಿಬಂದದ್ದು ಮಗ ಒದರಿದ ಮೇಲೆ.

ಕಣ್ಣಾರೆ ಕಂಡೆ ಅಂದವರನ್ನು, ಕಂಡವರು ಯಾಕೆ ಕೂಗಲಿಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಲ್ಲ. ಈಗ ದಿನಾ ಅವರೇ ನನ್ನ ತಲೆ ಬಾಚುತ್ತಾರೆ, ಅವರೇ ಕಲಸಿ ತುತ್ತು ಇಡುತ್ತಾರೆ. ನಿನ್ನೆ ಉಣಿಸುತ್ತ, ನನ್ನ ಮುಖ ನೋಡದೆ ಕೇಳಿದರು, ‘ಶೀತಲಾ, ಅವತ್ತ ಗಾಡಿ ಬುಡಕಿಂದ ನಿನಗ ಏನರೆ ಕಾಣತಿತ್ತೇನವ್ವಾ?’

‘ಇಲ್ಲ ಅತ್ತಿ’ ಎಂದು ತುತ್ತಿಗೆ ಬಾಯಿ ತೆರೆದೆ.