ಎಡ ಎಂಜಿನ್ನಿನ ಸಾಲು

ಯಾರ್ಕ್‌ಷೈರ್, ೧೯೪೩ ಫೆಬ್ರವರಿ ೯

ಬೆಳಿಗ್ಗೆಯಿಂದ ರೆಕ್ಕೆಯ ಮೇಲೆಯೇ. ಬೆರಳು ಮರಗಟ್ಟಿ ಸ್ಪ್ಯಾನರ್ ಎರಡು ಸಲ ಜಾರಿತು. ಈ ಮುದಿ ಬಾಂಬರಿನ ಎಡ ಎಂಜಿನ್ ಮತ್ತೆ ಎಣ್ಣೆ ಕಾರುತ್ತಿದೆ. ವಿಮಾನದ ದುರಸ್ತಿ ಪುಸ್ತಕದಲ್ಲಿ ಬರೆದೆ: ಹಾರಾಟಕ್ಕೆ ಯೋಗ್ಯವಲ್ಲ. ಸಹಿ — ಹೆಟ್ಟಿ ಗಾರ್ಸೈಡ್, ಮೆಕ್ಯಾನಿಕ್.

ನಮ್ಮ ಎಂಜಿನಿಯರ್ ಅಧಿಕಾರಿ ಪ್ರಿಚರ್ಡ್ ಓದಿ ನಕ್ಕ. "ಬರೀ ತರಬೇತಿ ಹಾರಾಟ ಕಣಮ್ಮ. ಬರ್ಲಿನ್‌ಗೇನೂ ಹೋಗ್ತಿಲ್ವಲ್ಲ."

"ಬಿದ್ರೆ ನೆಲ ಇಲ್ಲೂ ಗಟ್ಟೀನೇ, ಸರ್."

ನನ್ನ ಸಾಲು ಹೊಡೆದುಹಾಕಿ ತಾನೇ ಸಹಿ ಮಾಡಿದ.

ಫೆಬ್ರವರಿ ೧೦, ಸಂಜೆ ೫

ಲೆನ್ ಹೋರ್ಟನ್. ಪೈಲಟ್. ಇಪ್ಪತ್ತೊಂದು ವರ್ಷ. ಹತ್ತುವ ಮುಂಚೆ ಹೇಳಿದ್ದೆ, "ಎಡಗಡೇದನ್ನ ನಂಬಬೇಡ."

"ನಂಬಲ್ಲ ಕಣೇ. ಆದ್ರೆ ಹತ್ತಲ್ಲ ಅಂದ್ರೆ ಹೇಡಿ ಅಂತ ಬರ್ಕೊಳ್ತಾರಲ್ಲ!"

ಐದು ಜನ ಹತ್ತಿದರು. ಮೂರನೇ ಸುತ್ತು, ಮೇಲೇರುವಾಗ... ಎಡ ಎಂಜಿನ್ ನಿಂತಿತೆಂದು ಸದ್ದಿನಲ್ಲೇ ಗೊತ್ತಾಯಿತು. ವಿಮಾನ ವಾಲಿಕೊಂಡೇ ಹಳ್ಳಿಯ ಶಾಲೆ ದಾಟಿ ಟರ್ನಿಪ್ ಗಡ್ಡೆಯ ಹೊಲಕ್ಕೆ ಬಿತ್ತು. ಓಡಿದೆ. ಬೆಂಕಿ ಹತ್ತಿರ ಬಿಡಲಿಲ್ಲ.

ಬಾಲದಲ್ಲಿದ್ದ ಗನ್ನರ್ ಡಗ್ಗನ್ ಒಬ್ಬನೇ ಉಳಿದ.

ಫೆಬ್ರವರಿ ೧೪

ಪ್ರಿಚರ್ಡ್ ಕರೆಸಿದ. ಮೇಜಿನ ಮೇಲೆ ದುರಸ್ತಿ ಪುಸ್ತಕದ ಹೊಸ ಹಾಳೆ, ಒಂಬತ್ತನೇ ತಾರೀಖಿನದು. ಎಡ ಎಂಜಿನ್ ಸರಿಯಿದೆ ಎಂದು ಅವನದೇ ಅಕ್ಷರ.

"ಸಹಿ ಹಾಕು. ಪೈಲಟ್ ತಪ್ಪು ಅಂತ ಮುಗಿದುಹೋಗತ್ತೆ. ಸತ್ತವನಿಗೆ ಏನಾಗ್ಬೇಕು?"

"ಅವನ ಅಮ್ಮ ಬದುಕಿದ್ದಾರೆ, ಸರ್."

"ಕೋರ್ಟ್ ಮಾರ್ಷಲ್ ಅಂದ್ರೆ ಗೊತ್ತಾ?"

"ಗೊತ್ತು. ಅಲ್ಲಿ ಪ್ರಶ್ನೆ ಕೇಳ್ತಾರೆ. ನಾನು ಉತ್ತರ ಹೇಳ್ತೀನಿ."

ಸಹಿ ಹಾಕದೆ ಹೊರಬಂದೆ.

ಫೆಬ್ರವರಿ ೧೫

ಅಡುಗೆಮನೆಗೆ ವರ್ಗ. ಆಲೂಗಡ್ಡೆ ಸುಲಿಯುವ ಕೆಲಸ. ಪಕ್ಕದ ಮಂಚದ ಐವಿ, "ಒಂದು ಸಹಿ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದಳು. ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡೆ. ಸುಲಿದೆ.

ಫೆಬ್ರವರಿ ೨೩

ಇವತ್ತು ಅಪಘಾತದ ವಿಚಾರಣೆ. ಸಾಕ್ಷಿಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಏಪ್ರನ್ನಿನಲ್ಲೇ ಹೋಗಿ ಬಾಗಿಲು ತಟ್ಟಿದೆ. ಮೂವರು ಅಧಿಕಾರಿಗಳು. ನಾನು ಬರೆದ ಸಾಲು, ಬರೆದ ಹೊತ್ತು, ಅದನ್ನು ಹೊಡೆದುಹಾಕಿದವನ ಹೆಸರು — ಎಲ್ಲ ಹೇಳಿದೆ. ಪ್ರಿಚರ್ಡ್ ಕಿಟಕಿ ನೋಡುತ್ತಿದ್ದ.

ಡಗ್ಗನ್‌ನನ್ನು ಗಾಲಿಕುರ್ಚಿಯಲ್ಲಿ ತಂದರು. ವಿಮಾನದೊಳಗಿನ ಇಂಟರ್‌ಕಾಮಿನಲ್ಲಿ ತಾನು ಕೇಳಿದ ಲೆನ್‌ನ ಕೊನೆಯ ಮಾತನ್ನು ಹೇಳಿದ. "ಎಡಗಡೇದು ಹೋಯ್ತು. ಶಾಲೆ ದಾಟಿಸ್ತೀನಿ, ಗಟ್ಟಿಯಾಗಿ ಹಿಡ್ಕೊಳಿ."

ಮಾರ್ಚ್ ೬

ತೀರ್ಪು: ಎಂಜಿನ್ ದೋಷ. ಪೈಲಟ್ ತಪ್ಪಿಲ್ಲ. ಪ್ರಿಚರ್ಡ್‌ಗೆ ಬೇರೆ ಊರಿಗೆ ವರ್ಗ, ಅಷ್ಟೇ. ನನಗೆ ಬಾಯಿ ಮುಚ್ಚಿಕೊಂಡಿರಲು ಲಿಖಿತ ಆದೇಶ.

ಮಧ್ಯಾಹ್ನ ಗೇಟಿಗೆ ಲೆನ್‌ನ ತಾಯಿ ಬಂದರು. ಕಪ್ಪು ಟೊಪ್ಪಿ, ಕೈಯಲ್ಲಿ ಮಗನ ಸಾಮಾನಿನ ಪೊಟ್ಟಣ. ಕಾವಲುಗಾರ ಎದುರಿಗೇ ನಿಂತಿದ್ದ. ಅವನಿಗೂ ಕೇಳುವಂತೆ ಎಲ್ಲ ಹೇಳಿದೆ. ಅವನು ಆಚೆ ತಿರುಗಿ ನಿಂತ.

"ಕೊನೇಲಿ ಹೆದರಿದ್ನಾ ಅವನು?"

ಅವರಿಗೂ ಸುಳ್ಳು ಹೇಳಲಾರೆ. "ಹೆದರದೆ ಇರ್ತಾನಾ, ಮಿಸೆಸ್ ಹೋರ್ಟನ್? ಆದ್ರೆ ಚುಕ್ಕಾಣಿ ಬಿಡಲಿಲ್ಲ."

ಅಲ್ಲಿಯವರೆಗೆ ಅಳದೆ ನಿಂತಿದ್ದ ಆಕೆ ನನ್ನ ಕೈ ಹಿಡಿದು ಅತ್ತುಬಿಟ್ಟರು.