ಮೊದಲ ಪೆಟ್ಟು

ಬನಹಟ್ಟಿ
18-2-2025, ಮಂಗಳವಾರ

ಪ್ರೀತಿಯ ಮುತ್ಯಾ,

ನಿನ್ನ ಮೊಮ್ಮಗ ಬಾಳು ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ. ಮೊಣಕಾಲು ನೋವು ಹೇಗಿದೆ? ಅವ್ವ ಕಟ್ಟಿಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತೀಯೋ, ಇಲ್ಲ ಅದನ್ನೂ ಕುರಿಮರಿಯ ಗಾಯಕ್ಕೆ ಸುರಿದು ಮುಗಿಸಿದೆಯೋ? ಬೆಳಗಿನ ಇಬ್ಬನಿಗೆ ನಿನಗೆ ಕೆಮ್ಮು ಏಳುತ್ತದೆ, ತಲೆಯ ಮೇಲೆ ಕಂಬಳಿ ಹೊದ್ದುಕೊಂಡೇ ಹೊರಗೆ ಬಾ. ಕರಿಕುರಿ ಈದಿತೇ? ಇಲ್ಲಿ ಅವ್ವ ಆರಾಮಾಗಿದ್ದಾಳೆ, ನಾನೂ ಆರಾಮಾಗಿದ್ದೇನೆ. ಈ ಕಾಗದವನ್ನು ಮುತ್ತಣ್ಣನ ಕೈಯಲ್ಲಿ ಕೊಡುತ್ತೇನೆ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನಿಗೆ ಯಾರ ಹೊಲದಲ್ಲಿ ಯಾರ ಕುರಿ ನಿಂತಿವೆ ಎಂಬುದೆಲ್ಲ ಗೊತ್ತಿರುತ್ತದೆ. ಅವನೇ ನಿನಗೆ ಓದಿ ಹೇಳುತ್ತಾನೆ. ಮುತ್ತಣ್ಣಾ, ನಡುನಡುವೆ ನಗಬೇಡ, ನಿನ್ನ ಮಾತು ಸೇರಿಸಬೇಡ. ಐದನೆಯ ತರಗತಿಗೆ ಸಾಲಿ ಬಿಟ್ಟವನ ಅಕ್ಷರ ಇವು, ಕುರಿ ಹಿಕ್ಕಿ ಚೆಲ್ಲಿದ ಹಾಗಿವೆ ಎಂದು ನನಗೇ ಗೊತ್ತು. ಫೋನು ಮಾಡಬಹುದಿತ್ತು ಮುತ್ಯಾ. ಆದರೆ ಫೋನಿನಲ್ಲಿ ನೀನು "ಎಲ್ಲಾ ಆರಾಮ?" ಎಂದು ಹೊಲವೆಲ್ಲ ಕೇಳುವಂತೆ ಕೂಗುತ್ತೀ, ನಾನು "ಹೂಂ" ಅನ್ನುತ್ತೇನೆ, ನೀನು ಫೋನನ್ನು ಮುತ್ತಣ್ಣನಿಗೆ ತಿರುಗಿ ಕೊಡುತ್ತೀ. ನಮ್ಮಿಬ್ಬರದು ಅಷ್ಟೇ ಮಾತು.

ಬರುವ ಸೋಮವಾರ ನಮ್ಮ ಡೊಳ್ಳಿನ ಮೇಳ ಹೊರಡುತ್ತದೆ. ಐದು ತಿಂಗಳು ಪರದೇಶದಲ್ಲಿ ಊರಿಂದ ಊರಿಗೆ ತಿರುಗಿ ಬಾರಿಸಬೇಕು. ಅಷ್ಟು ದಿನ ರಜೆ ಯಾವ ಸಾಹುಕಾರನೂ ಕೊಡುವುದಿಲ್ಲ, ಆದ್ದರಿಂದ ಮಗ್ಗ ಬಿಡುತ್ತಿದ್ದೇನೆ. ಯುವರಾಜ ಸಾಹುಕಾರರು ಸಿಟ್ಟಾಗಲಿಲ್ಲ. "ಮಗ್ಗದ ಮ್ಯಾಲಿನ ಹಾಸು ಮುಗಿಸಿ ಹೋಗಪಾ, ನಡುವ ಬಿಟ್ಟ ಹಾಸು ಇನ್ನೊಬ್ಬನ ಕೈಗೆ ಒಗ್ಗೂದಿಲ್ಲ" ಎಂದರು. ಶುಕ್ರವಾರ ಕೊನೆಯ ಸೀರೆ ಇಳಿಸಿದೆ. ಹಳೆಯ ಹಾಸಿನ ತುದಿಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ಕೊಡುವುದು ನಮ್ಮಲ್ಲಿ ಬಿಟ್ಟು ಹೋಗುವವನ ಕೆಲಸ. ಶನಿವಾರ ಅದನ್ನೂ ಮಾಡಿದೆ. ನನ್ನ ಎಳೆಯ ತುದಿಗೆ ಯಾರೋ ನೇಯಬೇಕಾದ ಎಳೆಯನ್ನು ಕಟ್ಟುತ್ತ ಕಟ್ಟುತ್ತ ಲೆಕ್ಕ ತಪ್ಪಿ ಎರಡು ಸಲ ಬಿಚ್ಚಿ ಕಟ್ಟಿದೆ. ನೂಲಿನ ಕಂಡಕಿ ಸುತ್ತುವ ಮಂಗಲಾ ಅಕ್ಕ ಸುಮ್ಮನಿರುವವಳಲ್ಲ. "ಬಾಳ್ಯಾ, ಇಮಾನದಾಗ ಕುಂತಾಗೂ ಕೈ ಖಟಪಟ ಆಡಸಬ್ಯಾಡೋ, ನಡುದಾರ್‍ಯಾಗ ಇಳಿಸಿ ಬಿಟ್ಟಾರು" ಎಂದಳು. ಎಲ್ಲರೂ ನಕ್ಕರು. ಆಮೇಲೆ ಅವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅರಳೆಯ ಧೂಳು ಬಿತ್ತು ಎಂದಳು. ನನ್ನ ಮಗ್ಗದ ಮೋಟರ್ ಬಂದ್ ಮಾಡಿದಾಗ ಆ ಒಂದು ಸದ್ದು ಮಾತ್ರ ಕಡಿಮೆಯಾದದ್ದು ನನಗೆ ಗೊತ್ತಾಯಿತು. ಇಷ್ಟು ವರ್ಷ ಆ ಸದ್ದಿಗೆ ಬೈದಿದ್ದೆ. ನೀನೂ ಬೈಯುತ್ತಿದ್ದೆ. "ಲೇ, ನಿಂದು ಡೊಳ್ಳಲ್ಲ, ಮಗ್ಗ. ಮಗ್ಗಕ್ಕ ಉಸುರು ಬೇಕಾಗೂದಿಲ್ಲ, ಡೊಳ್ಳಿಗೆ ಬೇಕು. ನಡುವ ಉಸುರು ಬಿಡು." ಹಗಲೆಲ್ಲ ಮಗ್ಗದ ಲೆಕ್ಕಕ್ಕೆ ಬಿದ್ದ ಕೈಯನ್ನು ಸಂಜೆ ನೀನು ಹಿಡಿದು ತಿದ್ದುತ್ತಿದ್ದೆ.

ಹೋಗಬೇಕಾದವನು ನೀನು ಮುತ್ಯಾ. ಮೇಳವನ್ನು ಆರಿಸಲು ಬಂದವರು ಕೇಳಿದ್ದು ನಿನ್ನ ಡೊಳ್ಳನ್ನೇ. ಪಾಸ್‌ಪೋರ್ಟ್ ಮಾಡಿಸಲು ಹೋದ ದಿನ ಆ ಯಂತ್ರ ನಿನ್ನ ಬೆರಳಿನ ಗುರುತು ಹಿಡಿಯಲಿಲ್ಲ. ಒರೆಸಿ ಇಟ್ಟೆ, ತೊಳೆದು ಇಟ್ಟೆ, ಒಂದೊಂದು ಬೆರಳೂ ಇಟ್ಟೆ. ಉಣ್ಣೆ ಕತ್ತರಿಸಿ, ಡೊಳ್ಳಿನ ಹಗ್ಗ ಬಿಗಿದು ಸವೆದ ಬೆರಳು. ಅಲ್ಲಿ ಕುಳಿತ ಹುಡುಗಿ ಪಾಪ, "ಮುತ್ಯಾರ, ನಿಮ್ಮ ಬೆರಳಿಗೆ ಗೆರೀನ ಇಲ್ರಿ" ಎಂದಳು. ನೀನು, "ನನ್ನ ಗೆರಿ ಎಲ್ಲಾ ಡೊಳ್ಳಿನ ಮ್ಯಾಲ ಅದಾವ ತಂಗಿ, ತಂದ ತೋರಸ್ಲೇನು?" ಎಂದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಮುಂದೆ ಮತ್ತೊಮ್ಮೆ ಬನ್ನಿ ಎಂದು ಅವರು ಹೇಳಿದರೂ ನೀನು ಹೋಗಲಿಲ್ಲ. ಅಂದು ತಿರುಗಿ ಬರುವಾಗ ಬಸ್ಸಿನಲ್ಲಿ ಲೋಕಾಪುರ ದಾಟುವವರೆಗೆ ನೀನು ಕಿಟಕಿಯ ಆಚೆಯೇ ನೋಡುತ್ತ ಕುಳಿತೆ. ಆಮೇಲೆ ಅಂದದ್ದು ಒಂದೇ ಮಾತು: "ಕುರಿ ಯಾರ ನೋಡತಾರ, ಬಿಡು." ವಾರ ಕಳೆಯುವುದರೊಳಗೆ ಹಿಂಡು ಹೊಡೆದುಕೊಂಡು ಹೊರಟುಬಿಟ್ಟೆ.

ಹೋಗುವಾಗ ನೀನು ಡೊಳ್ಳನ್ನು ಗೂಟಕ್ಕೇ ಬಿಟ್ಟೆ, ಅದನ್ನು ಬಾರಿಸುವ ಕೋಲನ್ನು ಮಾತ್ರ ಒಯ್ದೆ. ಅದನ್ನು ಹೇಗೆ ತಿಳಿಯಬೇಕೋ ನನಗೆ ಇನ್ನೂ ತಿಳಿದಿಲ್ಲ. ಅವ್ವ, "ಡೊಳ್ಳು ಬಿಟ್ಟ ಹ್ವಾದ ಅಂದ್ರ ನಿನಗ ಕೊಟ್ಟಂಗ ಅಲ್ಲೇನೋ?" ಅನ್ನುತ್ತಾಳೆ. "ಕೋಲು ಒಯ್ದಾನಲ್ಲ ಬೇ" ಎಂದರೆ ಎದ್ದು ಒಲೆಯ ಕಡೆ ಹೋಗುತ್ತಾಳೆ. ದಿನಾ ಬೆಳಿಗ್ಗೆ ಡೊಳ್ಳಿಗೆ ಅರಿಸಿನದ ಭಂಡಾರ ಹಚ್ಚುತ್ತಾಳೆ. ನಾನು ಧೂಳು ಒರೆಸುತ್ತೇನೆ, ಬಾರಿಸುವುದಿಲ್ಲ.

ಹೋದ ವಾರ ಕಳಿಸುವ ಸಂಸ್ಥೆಯವರು ನಮ್ಮ ತಾಲೀಮು ನೋಡಲು ಬಂದಿದ್ದರು. ಬೀರಪ್ಪನ ಗುಡಿಯ ಮುಂದೆ ಎಲ್ಲರೂ ಡೊಳ್ಳು ಕಟ್ಟಿಕೊಂಡು ಸಾಲಾಗಿ ನಿಂತೆವು. "ಶುರು ಮಾಡ್ರಿ" ಎಂದರು. ಎಲ್ಲರ ಕೋಲೂ ಮೇಲೆದ್ದವು, ಒಂದೂ ಕೆಳಗೆ ಬೀಳಲಿಲ್ಲ. ಮೇಳದ ಹಿರಿಯ ಮೊದಲ ಪೆಟ್ಟು ಹಾಕದೆ ಉಳಿದವರು ಬಾರಿಸಬಾರದು, ಅವನು ತಾನಾಗಿ ಕೊಡದೆ ಆ ಪೆಟ್ಟು ಇನ್ನೊಬ್ಬರದಾಗುವುದಿಲ್ಲ ಎಂದು ನೀನೇ ಕಲಿಸಿದ್ದಲ್ಲವೇ? ನಾವೆಲ್ಲ ನಿನ್ನ ಪೆಟ್ಟಿಗೆ ಕಾಯುತ್ತಿದ್ದೆವು. ನೀನಿಲ್ಲ ಎಂಬುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಬಂದವರಲ್ಲಿ ಒಬ್ಬರು, "ಏನ್ರಿ, ಕರೆಂಟ್ ಹೋತೇನು?" ಎಂದರು. ಮೇಳ ನಡೆಸುವ ಗಿರಿಮಲ್ಲಪ್ಪ ಕಾಕಾ ನನ್ನ ಬೆನ್ನಿಗೆ ತಿವಿದು, "ಲೇ ಬಾಳ್ಯಾ, ನಿನ್ನ ಮುತ್ಯಾನ ಜಾಗಾದಾಗ ನಿಂತಿ, ಹೊಡಿಯೋ" ಎಂದ. "ಮುತ್ಯಾ ಇದ್ದಾಗ ನಾ ಹೆಂಗ ಹೊಡೀಲಿ ಕಾಕಾ?" ಎಂದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ ನೆನಪಿಲ್ಲ. ಕೊನೆಗೆ ಕಾಕಾ ಜೋರಾಗಿ ಕೆಮ್ಮಿದ, ಎಲ್ಲರೂ ಒಮ್ಮೆಲೇ ಗದ್ದಲ ಎಬ್ಬಿಸಿದೆವು. ಬಂದವರು ಚಪ್ಪಾಳೆ ತಟ್ಟಿದರು. ನಮಗೆ ಮಾತ್ರ, ಬಾಗಿಲು ಬಿಟ್ಟು ಗೋಡೆ ಹಾರಿ ಮನೆಯೊಳಗೆ ಬಂದ ಹಾಗಿತ್ತು. ಆಮೇಲೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಿನ್ನನ್ನು ಕೇಳಿಯೇ ಬರಬೇಕೆಂದು ರವಿವಾರ ಹಿಪ್ಪರಗಿಗೆ ಬಂದಿದ್ದೆ. ಬ್ಯಾರೇಜಿನ ಆಚೆ ಕಬ್ಬು ಕಡಿದ ಹೊಲದಲ್ಲಿ ನಿನ್ನ ಮೂರು ಕಲ್ಲಿನ ಒಲೆ ಇತ್ತು. ಕೈಯಿಟ್ಟು ನೋಡಿದೆ, ಬೂದಿ ತಣ್ಣಗಾಗಿತ್ತು. ಹೊಲದ ಲಗಮವ್ವ, "ನಿನ್ನೇನ ಎದ್ದ ಹ್ವಾದೋ ತಮ್ಮಾ. ಕುರಿ ನಿಂತು ಗೊಬ್ಬರ ಬಿದ್ದು ನಮ್ಮ ಹೊಲಾ ಬಂಗಾರ ಆತು ನೋಡು" ಎಂದು ಮಜ್ಜಿಗೆ ಕೊಟ್ಟಳು. ಇನ್ನೊಂದು ಮಾತನ್ನೂ ಹೇಳಿದಳು. "ನಿಮ್ಮ ಮುತ್ಯಾ ಸಂಜೀಕ ಒಬ್ಬನ ಕುಂತು ಕೋಲಿಲೆ ಹಾಲಿನ ಬೋಗಾಣಿ ಬಡೀತಿದ್ದನಪಾ. ಕುರಿ ಎಲ್ಲಾ ಕಿವಿ ನಿಗರಿಸಿ ನಿಲ್ಲತಿದ್ದು." ಬ್ಯಾರೇಜಿನ ಮೇಲೆ ನಿಂತು ಎರಡೂ ದಡ ನೋಡಿದೆ. ಎಲ್ಲಿಯೂ ಹಿಂಡಿನ ಧೂಳು ಕಾಣಲಿಲ್ಲ. ಒಂದು ದಿನ ಮೊದಲು ಬಂದಿದ್ದರೆ ನೀನು ಸಿಗುತ್ತಿದ್ದೆ. ಆ ಒಂದು ದಿನ ನಾನು ಹಾಸಿನ ಗಂಟು ಹಾಕುತ್ತ ಕುಳಿತಿದ್ದೆ ಮುತ್ಯಾ. ಸಾಹುಕಾರರಿಗೆ ಕೊಟ್ಟ ಮಾತು ಉಳಿಸಿಕೊಂಡೆ, ನಿನ್ನನ್ನು ತಪ್ಪಿಸಿಕೊಂಡೆ. ಇನ್ನು ಹೊರಡುವವರೆಗೆ ದಿನವೂ ತಾಲೀಮು, ಹುಡುಕಿಕೊಂಡು ಬರಲು ದಿನ ಉಳಿದಿಲ್ಲ.

ಅವ್ವ ಶೇಂಗಾ ಹಿಂಡಿ, ಕಟಕ ರೊಟ್ಟಿ ಕಟ್ಟಿಟ್ಟಿದ್ದಾಳೆ. ನಿನಗೂ ಒಂದು ಗಂಟು ಕಳಿಸಿದ್ದಾಳೆ. ಹಲ್ಲಿಗೆ ಆಗದಿದ್ದರೆ ಹಾಲಿನಲ್ಲಿ ನೆನೆಸಿ ತಿನ್ನಬೇಕಂತೆ, ನಾಯಿಗೆ ಹಾಕಬಾರದಂತೆ. ಬೀರಪ್ಪ ನಿನ್ನನ್ನೂ ಹಿಂಡನ್ನೂ ಕಾಯಲಿ.

ನಿನ್ನ ಕೈಯಿಂದ ಕೈ ತಿದ್ದಿಸಿಕೊಂಡ,
ಬಾಳು

ತಾ.ಕ.: ಮುತ್ತಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಹೇಳಬೇಕಾದದ್ದನ್ನೇ ಬರೆದಿಲ್ಲ. ಸೋಮವಾರ ಹೊತ್ತು ಹುಟ್ಟುವಾಗ ನಾವು ಗುಡಿಯ ಮುಂದೆ ಡೊಳ್ಳು ಕಟ್ಟಿಕೊಂಡು ನಿಂತಿರುತ್ತೇವೆ. ನಿನ್ನ ಡೊಳ್ಳು ನನ್ನ ಸೊಂಟದಲ್ಲಿರುತ್ತದೆ, ಅಷ್ಟಕ್ಕೆ ಸಿಟ್ಟಾಗಬೇಡ. ಮುತ್ತಣ್ಣ ಆ ಹೊತ್ತಿಗೆ ನಿನ್ನ ಹತ್ತಿರ ಬರುತ್ತಾನೆ. ಗಿರಿಮಲ್ಲಪ್ಪ ಕಾಕಾ ಅವನಿಗೆ ಫೋನು ಹಚ್ಚುತ್ತಾನೆ. ನೀನು ಮಾತಾಡುವುದು ಬೇಡ, ನಾನೂ ಮಾತಾಡುವುದಿಲ್ಲ. ನಿನಗೆ ಒಪ್ಪಿಗೆಯಿದ್ದರೆ ಆ ಕೋಲಿನಿಂದ ಹಾಲಿನ ಬೋಗಾಣಿಯ ಮೇಲೆ ಒಂದು ಪೆಟ್ಟು ಹಾಕು. ಎರಡನೆಯದು ನಾನು ಹಾಕಿ ಹೊರಡುತ್ತೇನೆ. ಪೆಟ್ಟು ಬೀಳದಿದ್ದರೆ ಡೊಳ್ಳನ್ನು ಗೂಟಕ್ಕೆ ಹಾಕಿ ನೇರ ಮಗ್ಗಕ್ಕೆ ಹೋಗುತ್ತೇನೆ. ಮಗ್ಗದ ಹೊಸ ಹಾಸಿನ ಮೇಲೆ ಸಾಹುಕಾರರು ಸೋಮವಾರದವರೆಗೆ ಬೇರೆ ಯಾರನ್ನೂ ಕೂಡಿಸುವುದಿಲ್ಲ, ಕೇಳಿಕೊಂಡಿದ್ದೇನೆ. ನಿನ್ನ ಮೇಲೆ ನನಗೆ ಬೇಸರವಿರುವುದಿಲ್ಲ. ಮುತ್ತಣ್ಣಾ, ಇದಿಷ್ಟನ್ನು ಮಾತ್ರ ಎರಡು ಸಲ ಓದು.