ಹೊಸ ಕಂಪ್ಯೂಟರ್ ಬಂದ ದಿನ ಮಾಡಬೇಕಾದ ಫೋನ್

ಬಸವಕಲ್ಯಾಣ
ಶುಕ್ರವಾರ

ಹುಮನಾಬಾದಿನ ಜ್ಞಾನೇಶ್ವರ ಸೇಠರಿಗೆ,

ಸಲಾಂ ಬರೆಯುವ ಮನಸ್ಸು ಇವತ್ತಿಲ್ಲ.

ಮದುವೆ ವಿಡಿಯೊಗಳ ಎಡಿಟಿಂಗಿಗೆ ದೊಡ್ಡ ಕಂಪ್ಯೂಟರ್ ಬೇಕೆಂದು ನಿಮ್ಮ ಅಂಗಡಿಗೆ ಬಂದದ್ದು ಯುಗಾದಿಗೆ ಮುಂಚೆ. ಅಂಥದೊಂದು ನಿಮ್ಮಲ್ಲಿತ್ತು. ನೀವೇ ಕೊಡಲಿಲ್ಲ. "ಹಳೇ ಮಾಡೆಲ್ ಯಾಕ ಒಯ್ತೀರಿ? ನಿಮ್ಮಂಥ ಪ್ರೊಫೆಷನಲ್ ಮಂದಿಗಿ ಹೊಸಾದು ಬರಾಕತ್ತದ, ತಡೀರಿ" ಅಂದಿರಿ. ಮೊಹರಂ ಹೋಯಿತು, ದೀಪಾವಳಿಯೂ ಹೋಯಿತು. ನೀವು ಇನ್ನೂ "ಬರಾಕತ್ತದ್ರಿ" ಅನ್ನುತ್ತಲೇ ಇದ್ದೀರಿ.

ಬೇಸಿಗೆಯಲ್ಲಿ ಮೋರಖಂಡಿಯ ಮಡೆಪ್ಪನವರ ಮಗಳ ಮದುವೆ ಶೂಟಿಂಗ್ ಮಾಡಿದೆ. ಆ ವಿಡಿಯೊ ನನ್ನ ಹಳೆಯ ಕಂಪ್ಯೂಟರಿನಲ್ಲಿ ಅರ್ಧಕ್ಕೇ ನಿಂತುಬಿಡುತ್ತದೆ. ಮಡೆಪ್ಪನವರ ತಾಯಿ ಸುಮನಬಾಯಿ, ಗಂಡನಿಲ್ಲದವಳೆಂದು, ಅಕ್ಕಿಕಾಳು ಹಾಕುವ ಹೊತ್ತಿಗೆ ಅಡುಗೆಮನೆಯಲ್ಲೇ ಕುಳಿತಿದ್ದರು. ಮೊಮ್ಮಗಳ ತಲೆಯ ಮೇಲೆ ಅಕ್ಕಿ ಬೀಳುವುದನ್ನು ಟಿವಿಯಲ್ಲಾದರೂ ನೋಡಬೇಕೆಂದು ವಾರವಾರವೂ ಮಗನನ್ನು ನನ್ನಲ್ಲಿಗೆ ಕಳಿಸುತ್ತಿದ್ದರು. ನಾನೂ ನಿಮ್ಮ ಮಾತನ್ನೇ ಹೇಳಿ ಅವರನ್ನು ತಿರುಗಿ ಕಳಿಸುತ್ತಿದ್ದೆ: "ಕಂಪ್ಯೂಟರ್ ಬರಾಕತ್ತದ ಕಾಕಾ, ಅವ್ವಗ ತಡೀ ಅನ್ರಿ."

ನಿನ್ನೆ ಮಡೆಪ್ಪ ಬಂದರು. ವಿಡಿಯೊ ಕೇಳಲಿಲ್ಲ. "ಅದರಾಗ ಅವ್ವನ ಮುಖ ಎಲ್ಲಿಯಾದ್ರೂ ಇದ್ರ ಒಂದು ಫೋಟೊ ತೆಗೆದುಕೊಡವ್ವಾ, ಹಾರ ಹಾಕಬೇಕು" ಅಂದರು.

ನಿಂತು ನಿಂತು ಓಡುವ ಈ ಕಂಪ್ಯೂಟರಿನಲ್ಲಿ ಇವತ್ತು ಸಂಜೆಯವರೆಗೂ ಹುಡುಕಿದೆ. ಎಲ್ಲಿಯೂ ಇಲ್ಲ. ಇದನ್ನು ಅವರಿಗೆ ಯಾವ ಬಾಯಿಂದ ಹೇಳಲಿ?

ಹೊಸ ಕಂಪ್ಯೂಟರ್ ಬಂದ ದಿನ ನನಗೆ ಫೋನ್ ಮಾಡಬೇಡಿ. ಮಡೆಪ್ಪನವರ ನಂಬರ್ ಈ ಕಾಗದದ ಹಿಂದುಗಡೆ ಬರೆದಿದ್ದೇನೆ. ಬಂತು ಅಂತ ಅವರಿಗೆ ನೀವೇ ಹೇಳಿ.

ಇನ್ನು ಕಾಯದ,
ಸಮ್ರೀನ